ಹುಲ್ಲಿನ ಟೋಪಿಯ ಮೇಷ್ಟ್ರೂ ಬೇಸತ್ತ ಮತದಾರನೂ

ಅಡಿಕೆಗೆ ಹಳದಿ ಎಲೆ ರೋಗ ತಗುಲಿದ ತೋಟದ ಯಜಮಾನನ ಮನಸ್ಸು ಹೇಗಿರುತ್ತದೆಂಬುದು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಸ್ವಾನುಭವವೇ ಆಗಿದೆ. ನಮ್ಮ ತೋಟಕ್ಕೆ ರೋಗ ಬಂದಾಗ ಇಬ್ಬರು ಬಂದಿದ್ದರು. ಮೊದಲನೆಯವರು ಜೀಪಿನಲ್ಲಿ ಬಂದ ತಜ್ಞರು. ತೋಟಕ್ಕಿಳಿಯದೆ, ದರೆಯ ಮೇಲೆ ನಿಂತೇ ಸೋಗೆ ನೋಡಿ, ಇದಕ್ಕೆ ಮದ್ದಿಲ್ಲ, ಗೊಬ್ಬರ ಕೊಟ್ಟು, ಬಸಿಗಾಲುವೆ ಸರಿಮಾಡಿ ನಿಭಾಯಿಸಿ ಎಂದು ಹೇಳಿ ಹೊರಟರು. ಎರಡನೆಯವನು ಬೈಕಿನಲ್ಲಿ ಬಂದ ಹುಡುಗ. ಜಗಲಿಯಲ್ಲಿ ಕೂತು ಕವಳ ಹಾಕಿದ. ತನ್ನ ಅಪ್ಪನ ತೋಟ ಹಾಳಾದ ಕಥೆ ಹೇಳಿದ. ಕೊನೆಗೆ ಒಂದು ಕ್ಯಾನು ಔಷಧಿ ತೆಗೆದಿಟ್ಟು, ಬುಡಕ್ಕೆ ಹಾಕಿದರೆ ಎರಡೇ ವರ್ಷದಲ್ಲಿ ಮರ ಹಸಿರಾಗುತ್ತದೆಂದ. ತಜ್ಞರು ಹೇಳಿದ್ದೇ ನಿಜವೆಂದು ಒಳಗೊಳಗೆ ತಿಳಿದಿದ್ದರೂ ನಾನು ಆ ಕ್ಯಾನನ್ನು ಕೊಂಡೆ. ಮರ ಹಸಿರಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಚುನಾವಣೆಯ ಮಾತು ಬಂದಾಗಲೆಲ್ಲ ನನಗೆ ಆ ಕ್ಯಾನು ನೆನಪಾಗುತ್ತದೆ. ಅಧಿಕಾರದ ಗಂಧವಿಲ್ಲದ, ನೋಡಲು ನಮ್ಮಂತೆಯೇ ಇರುವ ಒಬ್ಬಾತ ಒಂದೇ ಮಾತಿನ ಪರಿಹಾರ ಹೇಳಿ ಗೆದ್ದುಬಂದರೆ, ಪೇಟೆಯ ವಿದ್ಯಾವಂತರು ಜನರ ಅಜ್ಞಾನವನ್ನು ಹಳಿಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಏಕೆಂಬುದಕ್ಕೆ ದಕ್ಷಿಣ ಅಮೆರಿಕದ ಪೆರು ದೇಶದ ಸಂಗತಿಯನ್ನು ನೋಡಬಹುದು. ಅದೂ ಕಾಫಿಯ ನಾಡು; ಅಲ್ಲಿಯೂ ಬೆಳೆಯುವವರು ಬಹುಪಾಲು ಸಣ್ಣ ಹಿಡುವಳಿದಾರರು.

2021ರಲ್ಲಿ ಅಲ್ಲಿ ಅಧ್ಯಕ್ಷ ಪದವಿಗೆ 18 ಮಂದಿ ಸ್ಪರ್ಧಿಸಿದ್ದರು. ಅವರಲ್ಲಿ ಪೆಡ್ರೊ ಕಾಸ್ಟಿಲ್ಲೊ ಎಂಬವರು ಕಹಮಾರ್ಕ ಪ್ರಾಂತದ ಹಳ್ಳಿಶಾಲೆಯ ಮೇಷ್ಟ್ರು. ತಂದೆತಾಯಿ ಓದುಬರಹವಿಲ್ಲದ ರೈತರು. ಹುಡುಗನಾಗಿದ್ದಾಗ ಶಾಲೆಯ ಖರ್ಚಿಗೆಂದು ತಂದೆಯೊಡನೆ ದೂರದ ತೋಟಗಳಿಗೆ ಕಾಫಿ ಕೊಯ್ಲಿಗೆ ನಡೆದುಹೋಗುತ್ತಿದ್ದವರು. ಆ ಸೀಮೆಯ ಅಗಲ ಅಂಚಿನ ಹುಲ್ಲಿನ ಟೋಪಿಯನ್ನು ತಲೆಯಿಂದ ಇಳಿಸದೆ ಪ್ರಚಾರ ಮಾಡಿದರು. ಚಿಹ್ನೆ ಪೆನ್ಸಿಲು. ಶ್ರೀಮಂತ ದೇಶದಲ್ಲಿ ಇನ್ನು ಬಡವರಿರಕೂಡದು ಎಂಬುದೇ ಘೋಷಣೆ. ಗೆದ್ದರೆ ಮೇಷ್ಟ್ರ ಸಂಬಳದಲ್ಲೇ ಇರುತ್ತೇನೆಂದರು. ಜೂನ್ 6ರ ಎರಡನೇ ಸುತ್ತಿನಲ್ಲಿ, ಹಿಂದಿನ ಅಧ್ಯಕ್ಷರೊಬ್ಬರ ಮಗಳಾದ ಕೇಕೊ ಫ್ಯೂಜಿಮೊರಿಯವರನ್ನು ಸುಮಾರು 44 ಸಾವಿರ ಮತಗಳಿಂದ ಸೋಲಿಸಿದರು. ಚಲಾವಣೆಯಾದ ಸಿಂಧು ಮತಗಳು ಒಂದೂಮುಕ್ಕಾಲು ಕೋಟಿ!

ಜನ ಈ ಮಾತಿಗೆ ಮರುಳಾದರೆಂದು ಹೇಳುವ ಮೊದಲು, ಮಾತು ಕಲಿತವರು ಅವರಿಗೆ ಏನು ಕೊಟ್ಟಿದ್ದರೆಂದು ನೋಡಬೇಕು. ಬ್ರೆಜಿಲಿನ ಒಂದು ಗುತ್ತಿಗೆ ಕಂಪನಿಯ ಲಂಚದ ಹಗರಣದಲ್ಲಿ ಮಾಜಿ ಅಧ್ಯಕ್ಷರು ಒಬ್ಬರ ಹಿಂದೊಬ್ಬರು ಸಿಕ್ಕಿಬಿದ್ದರು. 2019ರಲ್ಲಿ ಬಂಧಿಸಲು ಪೊಲೀಸರು ಬಂದಾಗ ಅಲನ್ ಗಾರ್ಸಿಯ ಗುಂಡು ಹಾರಿಸಿಕೊಂಡು ಸತ್ತರು. 2020ರ ನವೆಂಬರಿನಲ್ಲಿ ಒಂದೇ ವಾರದಲ್ಲಿ ಮೂವರು ಅಧ್ಯಕ್ಷರು. ಕೊರೋನಾ ಕಾಲದಲ್ಲಿ ಜನ ಆಮ್ಲಜನಕದ ಸಿಲಿಂಡರಿಗಾಗಿ ರಾತ್ರಿಯಿಡೀ ಸಾಲು ನಿಂತರು. ಕಹಮಾರ್ಕದಲ್ಲಂತೂ ಆ ಖಂಡದ ಅತಿ ದೊಡ್ಡ ಚಿನ್ನದ ಗಣಿಗಳಲ್ಲೊಂದು ಇದೆ. ಆದರೂ ಅದು ದೇಶದ ಕಡುಬಡ ಪ್ರಾಂತಗಳಲ್ಲೊಂದು. ಬೆಟ್ಟದಿಂದ ಇಳಿದುಹೋಗುವ ಚಿನ್ನವನ್ನು ವರ್ಷಗಟ್ಟಲೆ ನೋಡಿದವನಿಗೆ ಅಂಕಿ ಅಂಶದ ಭಾಷಣ ಹಿಡಿಸೀತೇ? ಮೇಷ್ಟ್ರ ಉತ್ತರ ಸಾಲದೆಂದು ಅವನಿಗೂ ಗೊತ್ತಿದ್ದೀತು. ಉತ್ತರಗಳ ಮೇಲೆಯೇ ನಂಬಿಕೆ ಹೋದ ಮೇಲೆ ಮನುಷ್ಯ ಹೇಳುವವನ ಮುಖ ನೋಡುತ್ತಾನೆ. ನಾನು ಕ್ಯಾನು ಕೊಂಡದ್ದೂ ಹಾಗೆಯೇ. ನನ್ನ ಜಗಲಿಗೆ ಬಂದು ಕೂತವನು ಅವನೊಬ್ಬನೇ.

ಆದರೆ ನಮ್ಮ ಕಷ್ಟ ಬಲ್ಲವನಿಗೆ ಕೆಲಸವೂ ಬರಬೇಕಲ್ಲ! ಕಾಸ್ಟಿಲ್ಲೊ ಒಂದೂವರೆ ವರ್ಷವೂ ಆಳಲಿಲ್ಲ. ಅಷ್ಟರಲ್ಲಿ ಐವರು ಪ್ರಧಾನಿಗಳು, 70ಕ್ಕೂ ಹೆಚ್ಚು ಮಂತ್ರಿಗಳು ಬಂದುಹೋದರು. ಬೆಳೆಗಾರರಾದ ನಮಗೆ ಬೇಗ ಅರ್ಥವಾಗುವುದು ಯೂರಿಯಾದ ಕಥೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಗೊಬ್ಬರದ ಬೆಲೆ ಆಕಾಶಕ್ಕೇರಿದಾಗ, ಸರಕಾರವೇ ಕೊಂಡು ಹಂಚುವುದೆಂದು ಸಾರಿದರು. ಟೆಂಡರು ಕರೆದರು, ರದ್ದುಮಾಡಿದರು, ಮತ್ತೆ ಕರೆದರು, ಮತ್ತೆ ರದ್ದು. ಬಿತ್ತನೆಯ ಕಾಲ ಟೆಂಡರಿಗೆ ಕಾಯುವುದಿಲ್ಲ. ಸಂಸತ್ತೂ ಮೊದಲ ದಿನದಿಂದ ಅವರನ್ನು ಕೆಡವಲು ಹೊಂಚುಹಾಕಿತ್ತೆನ್ನುವುದು ನಿಜ. ಆದರೆ ಆ ಟೆಂಡರುಗಳನ್ನು ಕೆಡಿಸಿದ್ದು ಸಂಸತ್ತಲ್ಲ. ಡಿಸೆಂಬರ್ 7ರಂದು ಅವರು ಸಂಸತ್ತನ್ನೇ ವಿಸರ್ಜಿಸಿದೆನೆಂದು ದೂರದರ್ಶನದಲ್ಲಿ ಘೋಷಿಸಿದರು. ಕೆಲವೇ ಗಂಟೆಗಳಲ್ಲಿ ಪದಚ್ಯುತರಾಗಿ ಬಂಧನಕ್ಕೊಳಗಾದರು. ಆಮೇಲೆ ಬೀದಿಗಿಳಿದ ಬೆಟ್ಟಸೀಮೆಯ ಜನರಲ್ಲಿ ಹತ್ತಾರು ಮಂದಿ ಗುಂಡಿಗೆ ಬಲಿಯಾದರು.

ಪೆರು ದೂರವಿರಬಹುದು, ನಮ್ಮ ಸಂಘದ ಮಹಾಸಭೆ ಹತ್ತಿರದಲ್ಲಿದೆ. ಕಾರ್ಯದರ್ಶಿಗಳು ಮುಕ್ಕಾಲು ಗಂಟೆ ಜಮಾಖರ್ಚು ಓದುವಾಗ ಸದಸ್ಯರು ಊಟದ ಪಂಕ್ತಿ ನೋಡುತ್ತಿರುತ್ತಾರೆ. ಒಬ್ಬರು ಎದ್ದು, ದಲ್ಲಾಳಿಯನ್ನು ಓಡಿಸಿದರೆ ಕ್ವಿಂಟಾಲಿಗೆ ಐದು ಸಾವಿರ ಹೆಚ್ಚು ಸಿಗುತ್ತದೆಂದರೆ ಚಪ್ಪಾಳೆ. ಚಪ್ಪಾಳೆ ತಟ್ಟಿದವರನ್ನು ನಾನು ದೂರುವುದಿಲ್ಲ; ಧಾರಣೆಯಲ್ಲಿ ಏನೇನು ಕಡಿತವಾಗುತ್ತದೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಯಾರೂ ಹೇಳಿಲ್ಲ. ಈ ಬಾರಿ ತೂಕ, ತೇವಾಂಶ, ಕಮಿಷನ್, ಹಮಾಲಿಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ, ನಿರ್ದೇಶಕರೇ ಗ್ರಾಮಗ್ರಾಮಕ್ಕೆ ಹೋಗಿ, ಸದಸ್ಯರ ಜಗಲಿಯಲ್ಲಿ ಕೂತು ವಿವರಿಸಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.