ಇಣಚಿಗೆ ನಮ್ಮ ಬುತ್ತಿ ಬ್ಯಾಡ

ದಾಂಡೇಲಿಗೆ ಹೋಗಿ ಬಂದ್ವಿ ಅಂದ ಕೂಡಲೇ ಎಲ್ಲಾರೂ ಕೇಳೋದು ಒಂದ: “ಹುಲಿ ಕಂಡಿತೇನ್ರಿ?” ಇಲ್ಲ ಅಂದ್ರ, “ಅಯ್ಯ, ರೊಕ್ಕ ದಂಡ ಆತಲ್ಲ” ಅಂತಾರ. ನನಗಂತೂ ಹಂಗ ಅನಸಲಿಲ್ಲ.

ಮಗ, ಸೊಸಿ, ಮೊಮ್ಮಕ್ಕಳ ಕೂಡ ಹೋಗಿದ್ವಿ. ನಾವು ಕಣ್ತುಂಬ ನೋಡಿದ್ದು ಇಣಚಿ! ನಮ್ಮ ಹಿತ್ತಲದ ಪೇರಲ ಗಿಡದಾಗ ಓಡ್ಯಾಡೋ ಗೆರಿ ಇಣಚಿ ಅಲ್ರಿ, ಕೆಂದಳಿಲು. ಬಾಲ ಸೇರಿಸಿದ್ರ ಹತ್ತಿರ ಹತ್ತಿರ 3 ಫೂಟು. ಮೈ ಕಡುಗೆಂಪು, ಹೊಟ್ಟಿ ಕೆನಿ ಬಣ್ಣ, ಬಾಲ ಥೇಟ ನಮ್ಮ ಹಳೇ ಚೌರಿ. ಅದು ನೆಲಕ್ಕ ಇಳಿಯೋದು ಭಾಳ ಕಡಿಮಿ. ಗಿಡದಿಂದ ಗಿಡಕ್ಕ ಜಿಗೀತದ, ತುದಿಯೊಳಗ ಎಲಿ ಕಡ್ಡಿ ಕೂಡಿಸಿ ಗೂಡು ಕಟ್ಟತದ.

ನಾವು ನೋಡಕೋತ ನಿಂತಾಗ ಬಾಜೂದವರು ಬಿಸ್ಕೀಟು, ಚುರುಮುರಿ ಒಗದು “ಬಾ ಬಾ” ಅಂತ ಕರೀಲಿಕ್ಕತ್ತಿದ್ರು. ಅವರ ಮನಸು ಕೆಟ್ಟದಲ್ಲ. ನಮ್ಮ ಹೆಣ್ಮಕ್ಕಳ ಕೈನ ಹಂಗ, ಯಾರು ಎದುರು ಬಂದ್ರೂ ಮೊದಲ ತಿನ್ನಲಿಕ್ಕೆ ಕೊಡಬೇಕು. ಆದ್ರ ಅಡವಿಯೊಳಗ ಕೈ ಕಟಗೊಂಡು ನಿಲ್ಲೋದ ಖರೇ ಪ್ರೀತಿ ಅಂತೀನಿ ನಾನು. ಗಿಡದ ಮ್ಯಾಲಿನ ಜೀವಕ್ಕ ನಾವು ನೆಲದ ರುಚಿ ಹಚ್ಚಿದ್ರ, ಕೆಳಗ ನಾಯಿ ಅವ, ಗಾಡಿ ಅವ. ನಮ್ಮ ಉಪ್ಪು ಎಣ್ಣಿ ಅದರ ಹೊಟ್ಟಿಗೆ ಆಗಿಬರೂದಿಲ್ಲ. ಗುಡಿ ಮುಂದಿನ ಮಂಗ್ಯಾಗಳನ್ನ ನೋಡ್ರಿ. ಬಾಳೆಹಣ್ಣು ರೂಢಿ ಮಾಡಿಸಿದವರೂ ನಾವ, ಈಗ ಚೀಲ ಕಸಗೋತಾವ ಅಂತ ಬಯ್ಯೋರೂ ನಾವ.

ಮಂಗಟ್ಟೆ ಹಕ್ಕಿ ಬಾಣಂತನ ಕೇಳಿದ್ರ ನೀವು ನಗ್ತೀರಿ. ಹೆಣ್ಣು ಗಿಡದ ಪೊಟರ್ಯಾಗ ಕೂತು, ಸಣ್ಣ ಸೀಳು ಬಿಟ್ಟು ಬಾಗಲಾ ಮೆತ್ತಿಬಿಡ್ತದ. ಗಂಡು ವಾರಗಟ್ಟಲೆ ಆಲದ ಹಣ್ಣು, ಅತ್ತಿ ಹಣ್ಣು ತಂದು ಆ ಸೀಳಿನಾಗ ತಿನಿಸಬೇಕು. ಗೈಡ್ ಇದನ್ನ ಹೇಳಿದಾಗ ಸೊಸಿ ನನ್ನ ಮಗಗ, “ಕೇಳಿದ್ರಿ? ಕಲ್ಕೋರಿ” ಅಂದ್ಲು! ನಗಿ ಇರಲಿ, ನಮ್ಮ ಗದ್ದಲಕ್ಕ ಹೆದರಿ ಆ ಗಂಡ ಬರಲಿಲ್ಲ ಅಂದ್ರ ಒಳಗ ತಾಯಿ ಮಕ್ಕಳು ಉಪಾಸ. ಅದಕ್ಕ ಗೂಡಿನ ಹತ್ತಿರ ಹಾಡು ಹಚ್ಚೋದು, ಫೋಟೋಕ್ಕ ಮುಗಿಬೀಳೋದು ಬ್ಯಾಡ. ಹಣ್ಣು ತಿಂದು ದೂರ ದೂರ ಬೀಜ ಹಾಕಿ ಅಡವಿ ಬೆಳಸೋ ಹಕ್ಕಿ ಅದು.

“ಹಂಗಾದ್ರ ಹುಡುಗರಿಗೆ ಮಜಾ ಏನ್ರಿ?” ಅಂತ ನೀವು ಕೇಳಬಹುದು. ಯಾರು ಮೊದಲ ನೋಡ್ತಾರ, ಯಾರು ಸಪ್ಪಳ ಮಾಡದ ನಿಲ್ತಾರ ಅಂತ ಪಂದ್ಯ ಇಡ್ರಿ. ನಮ್ಮ ಸಣ್ಣ ಮೊಮ್ಮಗ, ಮನ್ಯಾಗ ಒಂದು ನಿಮಿಷ ಸುಮ್ಮನ ಕೂಡದವ, ಕುತ್ತಿಗಿ ಎತ್ತಿ ಹತ್ತು ನಿಮಿಷ ನಿಂತಿದ್ದ.

ಕೊಡಲೇಬೇಕು ಅಂತ ಜೀವ ತುಡೀತಿದ್ರ, ವೈನಿ, ನಿಮ್ಮ ಹಿತ್ತಲದಾಗ ಬ್ಯಾಸಿಗಿಗೆ ಒಂದು ಮಣ್ಣಿನ ತಾಟಿನಾಗ ನೀರು ಇಡ್ರಿ. ಗಿಡದ ತುದಿ ಹಣ್ಣು ಇಣಚಿಗೆ ಬಿಡ್ರಿ. ಕಸ ಬೀಳ್ತದ ಅಂತ ಗಿಡಾ ಕಡಸಬ್ಯಾಡ್ರಿ. ಅಡವಿಗೆ ಹೋದಾಗ ಮಾತ್ರ ಬುತ್ತಿ ನಮ್ಮ ಹೊಟ್ಟಿಗೆ, ಖಾಲಿ ಪಾಕೀಟು ನಮ್ಮ ಚೀಲಕ್ಕ.