ಇನ್ನೆರಡು ಸ್ಪೀಕರುಗಳನ್ನು ಎಲ್ಲಿಡಬೇಕು?

ಸಿನಿಮಾ ನೋಡಬೇಕಾದರೆ ಪೇಟೆಯ ಟಾಕೀಸಿಗೇ ಹೋಗಬೇಕಾಗಿದ್ದ ಕಾಲವೊಂದಿತ್ತು. ಇಂದು ಟಾಕೀಸೇ ನಮ್ಮ ಮನೆಯ ಚಾವಡಿಗೆ ಬಂದು ಕುಳಿತಿದೆ. ಗೋಡೆಯಗಲದ ಟಿ.ವಿ., ಸುತ್ತಲೂ ಐದು ಸ್ಪೀಕರು, ಮೂಲೆಯಲ್ಲಿ ಗುಡುಗುವ ಸಬ್ ವೂಫರ್ ಒಂದು. ಗಲ್ಫಿನಿಂದ ರಜೆಗೆ ಬಂದ ಮಗನೋ ಮಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಣ್ಣನೋ ಮತ್ತೆರಡನ್ನು ತಂದುಕೊಟ್ಟರೆ ಐದಿದ್ದದ್ದು ಏಳಾಗುತ್ತದೆ. ಆಗ ಏಳುವ ಪ್ರಶ್ನೆ, ಈ ಎರಡನ್ನು ಎಲ್ಲಿಡುವುದು? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ, ಗೋಡೆಯಲ್ಲಿ ಮೊಳೆ ಇರುವಲ್ಲಿ!

ಕನ್ನಡ ಪಾಠ ಹೇಳುವ ಅಧ್ಯಾಪಕನಿಗೆ ಈ ವಿಷಯದಲ್ಲೇನು ಕೆಲಸ ಎಂದು ಪೋಷಕರು ಕೇಳಬಹುದು. ಕೆಲಸವಿದೆ. ಮಾತು ಕಿವಿಗೆ ಸರಿಯಾಗಿ ಬಿದ್ದರೆ ತಾನೇ ಭಾಷೆ ನಾಲಗೆಗೆ ಬರುವುದು? ಸ್ಪೀಕರಿನ ಎಣಿಕೆಗಿಂತ ಅದರ ಸ್ಥಾನ ಮುಖ್ಯ, ಸ್ಥಾನಕ್ಕಿಂತಲೂ ಕೇಳುವವರು ಮುಖ್ಯ ಎಂಬುದೇ ನನ್ನ ಅಭಿಪ್ರಾಯ.

ಸುತ್ತಲಿಂದ ಧ್ವನಿ ಬರಿಸುವ ಆಲೋಚನೆ ಹೊಸತಲ್ಲ. 1940ರಲ್ಲಿ ವಾಲ್ಟ್ ಡಿಸ್ನಿಯ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿಯೇ ಕೆಲವು ಚಿತ್ರಮಂದಿರಗಳಲ್ಲಿ ವಿಶೇಷ ಧ್ವನಿವ್ಯವಸ್ಥೆಯನ್ನು ಮಾಡಿದ್ದರು. ತಲೆಯ ಮೇಲಿನಿಂದಲೂ ಧ್ವನಿ ಬರಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಬಂತು. ಇದಕ್ಕೆಲ್ಲ ಆಧಾರ ನಮ್ಮ ಎರಡು ಕಿವಿಗಳು. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ, ಎಡಗಿವಿಯನ್ನು ಆಮೇಲೆ. ಈ ಅಂತರ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಿಂದಲೇ ಮಿದುಳು ದಿಕ್ಕನ್ನು ಗುರುತಿಸಿಬಿಡುತ್ತದೆ!

ವಿದ್ಯಾರ್ಥಿಗಳೇ, ನೀವು ದೊಡ್ಡದೊಂದು ಗಡಿಯಾರದ ನಡುವೆ ಹನ್ನೆರಡು ಗಂಟೆಯ ಕಡೆಗೆ ಮುಖಮಾಡಿ ಕುಳಿತಿದ್ದೀರೆಂದು ಭಾವಿಸಿ. ಒಂದೊಂದು ಗಂಟೆಗೆ 30 ಡಿಗ್ರಿ. ಟಿ.ವಿ. ಮತ್ತು ನಡುವಿನ ಸ್ಪೀಕರು ಹನ್ನೆರಡರಲ್ಲಿ. ಮುಂದಿನ ಎಡಬಲದ ಸ್ಪೀಕರುಗಳು ಹನ್ನೊಂದರಲ್ಲಿ ಮತ್ತು ಒಂದರಲ್ಲಿ. ಆ ಎರಡೂ ನೀವೂ ಸೇರಿದರೆ ಸಮಬಾಹು ತ್ರಿಕೋನವಾಗುತ್ತದೆ. ಐದು ಸ್ಪೀಕರುಗಳ ವ್ಯವಸ್ಥೆಯಲ್ಲಿ ಸುತ್ತುಧ್ವನಿಯ ಎರಡು 100ರಿಂದ 120 ಡಿಗ್ರಿಯಲ್ಲಿರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅಂದರೆ ಬಲಗಡೆಯದು ಮೂರೂವರೆ ಗಂಟೆಯ ಆಸುಪಾಸಿನಲ್ಲಿ, ಎಡಗಡೆಯದು ಎಂಟೂವರೆಯ ಆಸುಪಾಸಿನಲ್ಲಿ, ಕಿವಿಯಿಂದ ತುಸುವೇ ಹಿಂದೆ.

ಇನ್ನು ಹೊಸ ಎರಡರ ವಿಚಾರ. ಅವುಗಳ ಜಾಗ ಬೆನ್ನ ಹಿಂದೆ, 135ರಿಂದ 150 ಡಿಗ್ರಿಯಲ್ಲಿ. ಐದು ಗಂಟೆ ಮತ್ತು ಏಳು ಗಂಟೆ ಎಂದು ನೆನಪಿಟ್ಟರೆ ಸಾಕು. ಆಗ ಮೊದಲಿನ ಪಕ್ಕದ ಜೋಡಿಯನ್ನು ಕಿವಿಯ ನೇರಕ್ಕೆ, ಮೂರು ಮತ್ತು ಒಂಬತ್ತು ಗಂಟೆಯ ಸಮೀಪಕ್ಕೆ ಸರಿಸಬಹುದು. ಹೊಸ ಜೋಡಿಯನ್ನು ಹಳೆಯದರ ಮಗ್ಗುಲಲ್ಲೇ ತೂಗುಹಾಕಿದರೆ ಸದ್ದು ಎರಡಾಗುತ್ತದೆಯೇ ಹೊರತು ದಿಕ್ಕು ಎರಡಾಗುವುದಿಲ್ಲ.

ಆದರೆ ನಮ್ಮ ಮನೆಗಳ ಕಟ್ಟಳೆ ಬೇರೆ. ಸೋಫಾವನ್ನು ಹಿಂದಿನ ಗೋಡೆಗೆ ತಾಗಿಸಿ ಇಡುವುದೇ ರೂಢಿ. ಅಲ್ಲಿ ಐದು ಗಂಟೆಗೂ ಏಳು ಗಂಟೆಗೂ ಜಾಗವೆಲ್ಲಿ? ಹಟಕ್ಕೆ ಬಿದ್ದು ಸಿಕ್ಕಿಸಿದರೆ ಸ್ಪೀಕರು ಕುತ್ತಿಗೆಯ ಬುಡದಲ್ಲೇ ಕೂಗತೊಡಗುತ್ತದೆ. ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಮೊದಲು ಬಂದುದರ ದಿಕ್ಕನ್ನೇ ಕಿವಿ ನಂಬುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದ್ದಾನೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹತ್ತಿರದ ಸ್ಪೀಕರಿನ ಧ್ವನಿ ದೂರದ್ದಕ್ಕಿಂತ ಮೊದಲು ಬಂದೇ ಬರುತ್ತದೆ. ಆಂಪ್ಲಿಫೈಯರಿನಲ್ಲಿ ಪ್ರತಿಯೊಂದು ಸ್ಪೀಕರಿನ ದೂರವನ್ನು ತುಂಬಿಸಲು ಅವಕಾಶವಿರುವುದು ಈ ಕಾರಣದಿಂದಲೇ. ಟೇಪು ಹಿಡಿದು ಅಳೆದು ತುಂಬಿಸಿ, ಅಂದಾಜು ಬೇಡ.

ಸೋಫಾವನ್ನು ಮೂರು ನಾಲ್ಕು ಅಡಿ ಮುಂದೆ ತರಲು ಸಾಧ್ಯವಾದರೆ ಏಳನ್ನು ಇಡಿ. ಸಾಧ್ಯವಿಲ್ಲವೇ? ಯಂತ್ರಕ್ಕೆ ಅಟ್ಮಾಸ್ ಸೌಕರ್ಯವಿದ್ದು ಮೇಲೆ ಭದ್ರವಾದ ಸ್ಲ್ಯಾಬ್ ಇದ್ದರೆ ಆ ಎರಡನ್ನು ತಲೆಯ ಮೇಲೆ, ತುಸು ಮುಂದಕ್ಕೆ ಕೂರಿಸಿ. ಅದೂ ಆಗದಿದ್ದರೆ ಐದರಲ್ಲೇ ತೃಪ್ತರಾಗುವುದು ಜಾಣತನ. ಎರಡು ಧ್ವನಿಪಥಗಳಲ್ಲೇ ಬರುವ ಧಾರಾವಾಹಿಗೆ ಏಳು ಸ್ಪೀಕರುಗಳಿಂದ ವಿಶೇಷ ಲಾಭವೂ ಇಲ್ಲ.

ಎತ್ತರದ ವಿಷಯದಲ್ಲಿ ಎರಡು ಪಕ್ಷಗಳಿವೆ. ಕಿವಿಯ ಮಟ್ಟದಲ್ಲೇ ಇರಲಿ ಎನ್ನುವವರು ಒಬ್ಬಂಟಿಯಾಗಿ ನಡುವಿನ ಕುರ್ಚಿಯಲ್ಲಿ ಕುಳಿತು ಕೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಅಜ್ಜ, ಅಜ್ಜಿ, ನೆರೆಮನೆಯ ಮಕ್ಕಳು ಎಲ್ಲರೂ ಸೇರಿ ನೋಡುವುದು ವಾಡಿಕೆ. ಬಯಲಿನಲ್ಲಿ ದೂರ ಅರ್ಧವಾದಾಗ ಸದ್ದು 6 ಡೆಸಿಬೆಲ್ ಏರುತ್ತದೆ. ಕೋಣೆಯೊಳಗೆ ಅಷ್ಟಲ್ಲದಿದ್ದರೂ ಏರುವುದು ನಿಜ. ಸೋಫಾದ ತುದಿಯಲ್ಲಿ ಕುಳಿತ ಚಿಕ್ಕ ಮಗುವಿನ ಕಿವಿಗೇ ಪಕ್ಕದ ಸ್ಪೀಕರು ಬಡಿಯುವುದು ತರವಲ್ಲ. ಅಟ್ಮಾಸ್ ಇಲ್ಲದ ಮನೆಯಲ್ಲಿ ಅದನ್ನು ಕಿವಿಗಿಂತ ಒಂದೆರಡು ಅಡಿ ಮೇಲಕ್ಕೇರಿಸುವುದೇ ಮೇಲು. ನಡುವೆ ಕುಳಿತ ಯಜಮಾನನ ಸುಖ ಎಳ್ಳಷ್ಟು ಕಡಿಮೆಯಾದರೂ ನಾಲ್ವರಿಗೆ ಹಿತವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದದ್ದು ಮಾತು. ಚಲನಚಿತ್ರದ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರಿನಿಂದಲೇ ಬರುತ್ತದೆ. ಅದನ್ನು ಕಪಾಟಿನೊಳಗೆ ದೂಡಿ, ಮುಂದೆ ಹೂದಾನಿಯಿಟ್ಟು, ಹಿಂದಿನ ಅಬ್ಬರಕ್ಕೆ ಹಣ ಸುರಿಯುವುದು ಬೇರಿಗೆ ನೀರೆರೆಯದೆ ಎಲೆ ತೊಳೆದಂತೆ. ನಮ್ಮ ಯಕ್ಷಗಾನವನ್ನೇ ನೋಡಿ. ಯುದ್ಧದ ಪದಕ್ಕೆ ಮುಗಿಲು ಮುಟ್ಟುವ ಚೆಂಡೆ, ವೇಷಧಾರಿ ಅರ್ಥ ಹೇಳತೊಡಗಿದಾಗ ಮೌನವಾಗುತ್ತದೆ. ಹಿಮ್ಮೇಳಕ್ಕೆ ತನ್ನ ಜಾಗವೂ ಗೊತ್ತು, ಹೊತ್ತೂ ಗೊತ್ತು. ಸುತ್ತಲಿನ ಸ್ಪೀಕರುಗಳೂ ಹಿಮ್ಮೇಳವೇ. ಅವು ಇವೆಯೆಂಬುದು ನೋಡುವವನಿಗೆ ನೆನಪೇ ಆಗದಂತಿದ್ದರೆ ಅದೇ ಸರಿಯಾದ ಹದ.

ಗಡಿಯಾಚೆಯ ಈ ಕಾಸರಗೋಡಿನ ನೆಲದಲ್ಲಿ ಮಕ್ಕಳಿಗೆ ಪೇಟೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಕನ್ನಡ ಕಿವಿಗೆ ಬೀಳುವುದು ಕಡಿಮೆ. ಶಾಲೆ ಬಿಟ್ಟರೆ ಮನೆಯೇ ಗತಿ. ಮನೆಯಲ್ಲಿ ನೋಡುವ ಒಂದು ಒಳ್ಳೆಯ ಕನ್ನಡ ಚಿತ್ರದ ಮಾತುಗಳೂ ಗುಡುಗಿನಲ್ಲಿ ಮುಳುಗಿಹೋದರೆ ನಷ್ಟ ಯಾರಿಗೆ? ಮಂದಗಿವಿಯ ಅಜ್ಜಿ "ಏನು ಹೇಳಿದ್ದು ಮಗಾ?" ಎಂದು ಮೊಮ್ಮಗನನ್ನು ಕೇಳುತ್ತಾರೆ. ಅವನಿಗೂ ಕೇಳಿಸಿರುವುದಿಲ್ಲ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಸ್ಪೀಕರು ಕೊಳ್ಳುವ ಮೊದಲು ದಪ್ಪ ಬಟ್ಟೆಯ ಪರದೆಯೊಂದನ್ನೂ ನೆಲಕ್ಕೊಂದು ಜಮಖಾನೆಯನ್ನೂ ಕೊಳ್ಳಿ. ಬೋಳು ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಪ್ರತಿಧ್ವನಿಯೇ ಮಾತನ್ನು ಕಲಸಿಬಿಡುತ್ತದೆ. ಸಬ್ ವೂಫರನ್ನು ಮೂಲೆಯಿಂದ ಸ್ವಲ್ಪ ಈಚೆ ಎಳೆಯಿರಿ. ಮೊಳೆ ಹೊಡೆಯುವ ಮೊದಲು ಸ್ಪೀಕರನ್ನು ಸ್ಟೂಲಿನ ಮೇಲಿಟ್ಟು ಎರಡು ಸಂಜೆ ಕೇಳಿ. ಮನೆಯ ಹಿರಿಯರನ್ನೂ ಕಿರಿಯರನ್ನೂ ಬೇರೆ ಬೇರೆ ಕಡೆ ಕೂರಿಸಿ, ಮಾತು ತಿಳಿಯಿತೇ ಎಂದು ವಿಚಾರಿಸಿ. ಮಾರ್ಚ್ ತಿಂಗಳಲ್ಲಿ ಪಕ್ಕದ ಮನೆಯಲ್ಲೂ ಎಸ್.ಎಸ್.ಎಲ್.ಸಿ. ಬರೆಯುವ ಮಗುವೊಂದು ಇರಬಹುದೆಂಬುದನ್ನು ಮರೆಯದಿರಿ.

ವಿದ್ಯಾರ್ಥಿಗಳೇ, ಕೋನಮಾಪಕವೂ ದಾರವೂ ನಿಮ್ಮ ಬಳಿ ಇವೆ. ಲೆಕ್ಕದ ಪುಸ್ತಕದಲ್ಲಿ ಕಲಿತದ್ದನ್ನು ಚಾವಡಿಯಲ್ಲಿ ಪ್ರಯೋಗಿಸಿ ನೋಡಿ. ಅಪ್ಪನಿಗೆ ಏಣಿ ಹಿಡಿದುಕೊಳ್ಳಿ. ಮೊಳೆ ಎಲ್ಲಿ ಹೊಡೆಯಬೇಕೆಂಬುದನ್ನು ಮಾತ್ರ ಅಜ್ಜಿಯ ಕಿವಿ ಹೇಳಲಿ.