ಬದುವಿನ ತಂಗಡಿಯೂ ಟೀ ಸೊಪ್ಪೇ

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಕಡಿಮೆ ಮಳೆಯ ತಾಲೂಕುಗಳು. ಟೀ ಗಿಡಕ್ಕೆ ತಂಪು, ಹುಳಿ ಮಣ್ಣು, ಒಳ್ಳೆ ಮಳೆ ಬೇಕು; ಇಲ್ಲಿ ಬದುಕದು. ಆದರೂ ಟೀ ಇಲ್ಲದೆ ನಮಗೆ ಬೆಳಗಾಗದು. ಪುಡಿ, ಸಕ್ಕರೆ, ಹಾಲು ಮೂರಕ್ಕೂ ದುಡ್ಡು.

ನಮ್ಮನೆಯಲ್ಲಿ ಈಗ ಕಾಲಕ್ಕೊಂದು ಟೀ. ಮಳೆಗಾಲಕ್ಕೆ ಬಚ್ಚಲ ನೀರಲ್ಲಿ ಬೆಳೆದ ಮಜ್ಜಿಗೆ ಹುಲ್ಲು, ತುಳಸಿ. ಚಳಿಗೆ ಶುಂಠಿ, ಬೆಲ್ಲ. ಬೇಸಿಗೆಗೆ ಹಾಲಿಲ್ಲದ ಟೀಗೆ ನಿಂಬೆಹುಳಿ.

ಪುಡಿಯೇ ಬೇಡದ್ದು ತಂಗಡಿ ಹೂವಿನ ಟೀ. ದೀಪಾವಳಿಗೆ ತಂದು ಮಿಕ್ಕ ಹೂವನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬುತ್ತೇವೆ. ಲೋಟ ನೀರಿಗೆ 4-5 ಹೂ, ಎರಡು ಕುದಿ, ಚೂರು ಬೆಲ್ಲ. ಶ್ರೀಲಂಕಾದಲ್ಲಿ ಈ ಗಿಡಕ್ಕೆ 'ಮಾತರ ಟೀ' ಎಂಬ ಹೆಸರೇ ಇದೆ.

ಶೇಂಗಾ ಕೀಳುವಾಗ ಆಳುಗಳಿಗೂ ಕೊಟ್ಟೆ. "ಇದೇನಣ್ಣೋ, ಟೀನೋ ಕಷಾಯನೋ?" ಅಂದರು. ಮಾರನೇ ದಿನ ಹಾಲಿನ ಟೀ ಕೊಟ್ಟೆ. ಬಿಸಿಲಲ್ಲಿ ದುಡಿದವರಿಗೆ ಅದು ಮರ್ಯಾದೆ. ನಮ್ಮ ಉಳಿತಾಯ ಅವರ ಲೋಟದಲ್ಲಿ ಆಗಬಾರದು.

ನನ್ನ ತಕರಾರು ಬೇರೆ. ಬದುವಿನ ತಂಗಡಿಯನ್ನು ನಾವೇ ಕಳೆ ಅಂತ ಔಷಧಿ ಹೊಡೆದು ಸುಡುತ್ತಿದ್ದೇವೆ. ಬರದಲ್ಲೂ ಹಸಿರಾಗಿ ನಿಂತು ಬದುವಿನ ಮಣ್ಣು ಹಿಡಿಯುವ ಗಿಡ. ನೀರು ಕೇಳದು, ಕಾವಲು ಕೇಳದು. ಅದನ್ನು ಕೊಂದು ಅಂಗಡಿಗೆ ಓಡುವುದು ಯಾವ ಲೆಕ್ಕ?

ಎರಡು ಎಚ್ಚರ. ಔಷಧಿ ಹೊಡೆದ ಕಡೆಯ ಹೂ ಬೇಡ. ಸಕ್ಕರೆ ಕಾಯಿಲೆಗೆ ಇದೇ ಮದ್ದೆಂದು ಮಾತ್ರೆ ಬಿಡಬೇಡಿ.

ಈ ಸಲ ಬದುವಿಗೆ ನಾಲ್ಕಾದರೂ ತಂಗಡಿ ಉಳಿಸಿ. ಒಪ್ಪದವರು ಬರೆಯಿರಿ.